ಪಡಸಾಲಿ ಕೆಳಗಿನ ಹಗೇವು

ಪಡಸಾಲಿಯ ಮೂಲೆಯಲ್ಲಿ ಹಾಸಿದ್ದ ಕೌದಿ ಸರಿಸಿ ಮಾಮಾ ಕಟ್ಟಿಗೆಯ ಮುಚ್ಚಳ ಎತ್ತಿದರು. ಒಬ್ಬ ಮನುಷ್ಯ ಮೈ ಕುಗ್ಗಿಸಿ ಇಳಿಯುವಷ್ಟು ಬಾಯಿ. ಅಳೆದರೆ ಎರಡು ಅಡಿಯೂ ತುಂಬಲಿಕ್ಕಿಲ್ಲ. ನಾನು ಕಾಲು ಇಳಿಬಿಡಲು ಹೋದೆ. ಮಾಮಾ ತೋಳು ಹಿಡಿದು ಜಗ್ಗಿದರು.

"ತಡಿ ತಮ್ಮಾ. ಮೊದಲ ದೀಪ ಇಳೀಲಿ, ಆಮ್ಯಾಲ ನೀ."

ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟರು. ತಳ ಮುಟ್ಟಿದ ಮೇಲೂ ಕುಡಿ ಅಲುಗಾಡದೆ ಉರಿಯಿತು. ಐದು ನಿಮಿಷ ಕಾದೆವು. ಅತ್ತಿ ಹಗ್ಗದ ಇನ್ನೊಂದು ತುದಿ ನನ್ನ ಸೊಂಟಕ್ಕೆ ಬಿಗಿದರು. ಆಮೇಲೆ ಇಳಿದೆ.

ಬೈಲಹೊಂಗಲದಿಂದ ಸವದತ್ತಿಯ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನಲ್ಲಿ ನನ್ನ ಸೋದರಮಾವನ ಮನೆ. ಮಣ್ಣಿನ ಮ್ಯಾಳಗಿ, ಎರಡೂವರೆ ಅಡಿ ದಪ್ಪದ ಗೋಡೆ, ನಡುಮನೆಗೆ ಒಂದೇ ಬೆಳಕಿಂಡಿ. ಈ ಮನೆಯ ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜವನ್ನು, ಮಾಮಾ ಮತ್ತು ಅವರ ಇಬ್ಬರು ಮಕ್ಕಳು ಎರಡು ಬೇಸಿಗೆ ಕೂತು, ತಾವೇ ಕೈಯಾರೆ ರಿಪೇರಿ ಮಾಡಿದ್ದಾರೆ. ಅದನ್ನು ನೋಡಲೆಂದೇ ಬಂದಿದ್ದೆ.

ಒಳಗೆ ಆರು ಕಬ್ಬಿಣದ ಮೆಟ್ಟಿಲು. ಬಾಯಿ ಕಿರಿದಾದರೂ ಹೊಟ್ಟೆ ದೊಡ್ಡದು, ಗಡಿಗೆಯಂತೆ ಉಬ್ಬಿದೆ. ನಡುವೆ ಆರು ಅಡಿ ಅಗಲ, ಹತ್ತು ಅಡಿ ಆಳ. ಗೋಡೆಗೆ ಅಂಗೈ ಒತ್ತಿದೆ. ತಣ್ಣಗಿತ್ತು, ಆದರೆ ಕೈಗೆ ತೇವ ಹತ್ತಲಿಲ್ಲ. ಸುಣ್ಣದ ಗಿಲಾವು ಮಾಡುವಾಗ ಒಂದು ಮೊಳದಷ್ಟು ಜಾಗವನ್ನು ಬೇಕೆಂದೇ ಬಿಟ್ಟಿದ್ದಾರೆ. ಅಲ್ಲಿ ಕಂದೀಲು ಹಿಡಿದರೆ ಕೆಂಪು ಗರಸಿನಲ್ಲಿ ಗುದ್ದಲಿಯ ಏಟುಗಳು ಕಾಣುತ್ತವೆ. ಎಲ್ಲ ಏಟೂ ಎಡದಿಂದ ಬಲಕ್ಕೆ ಓರೆಯಾಗಿ ಬಿದ್ದಿವೆ. ಯಾರು ತೋಡಿದರೋ, ಮನೆಯಲ್ಲಿ ಯಾರಿಗೂ ಹೆಸರು ನೆನಪಿಲ್ಲ. ಆ ಗುರುತಿನ ಮೇಲೆ ಬೆರಳು ಆಡಿಸಿದಾಗ ನನಗೆ ಮಾತು ಹೊರಡಲಿಲ್ಲ.

ಇಷ್ಟು ದೊಡ್ಡ ಹಗೇವಿನಲ್ಲಿ ಸುಮಾರು ನಲವತ್ತು ಚೀಲ ಜೋಳ ಹಿಡಿಯುತ್ತದೆ. ತಳಕ್ಕೆ, ಸುತ್ತಲಿನ ಗೋಡೆಗೆ ಜೋಳದ ಕಣಕಿ ಒತ್ತಿ, ನಡುವೆ ಕಾಳು ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಸಗಣಿ ಮೆತ್ತುತ್ತಿದ್ದರು. ಕಾಳೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ನುಸಿ, ಹುಳ ಸಾಯುತ್ತವೆ. ಚೆನ್ನಾಗಿ ಒಣಗಿದ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದುದು ಹಾಗೆ. ಗೋಡೆಗೆ ಹತ್ತಿದ ಕಾಳು ಮಾತ್ರ ಮುಗ್ಗಿ ಕಪ್ಪಾಗುತ್ತಿತ್ತು. ಹಗೇದ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತಿತ್ತು ಎಂದು ಅತ್ತಿ ಈಗಲೂ ಮೂಗು ಮುರಿಯುತ್ತಾರೆ. ಆದರೆ ಬರ ಬಿದ್ದ ವರ್ಷ ಊರು ಉಂಡದ್ದು ಅದೇ ರೊಟ್ಟಿ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು, 1970ರ ದಶಕದಲ್ಲಿ ಕಾಲುವೆಗೆ ನೀರು ಹರಿದ ಮೇಲೆ ಈ ಭಾಗದ ಬೆಳೆ ಬದಲಾಯಿತು. ಗೋವಿನಜೋಳ, ಹತ್ತಿ, ಕಬ್ಬು ಬಂದವು. ರಾಶಿಯಾದ ಮಾಲು ಮನೆಗೆ ಬರುವ ಮೊದಲೇ ಪೇಟೆಗೆ ಹೋಗತೊಡಗಿತು. ರೇಷನ್ ಅಕ್ಕಿ ಬಂತು. ಹಗೇವು ಖಾಲಿಯಾಯಿತು. ಹೊಸ ಸ್ಲ್ಯಾಬ್ ಮನೆ ಕಟ್ಟುವವರು ಹಳೆ ಗೋಡೆಯ ಹೆಂಟೆ, ಕಲ್ಲು, ಮುರಿದ ಹಂಚು ಎಲ್ಲವನ್ನೂ ಅದರೊಳಗೆ ತಳ್ಳಿ ಮುಚ್ಚಿದರು. ಮಾಮಾನ ಓಣಿಯಲ್ಲಿ ಉಳಿದಿರುವುದು ಇದೊಂದೇ.

ಮುಚ್ಚುವ ಮಾತು ಇಲ್ಲಿಯೂ ಬಂದಿತ್ತು. ಮಾಮಾ ಒಪ್ಪಲಿಲ್ಲ. ಶಿವರಾತ್ರಿ ಕಳೆದು, ಹಿಂಗಾರಿ ರಾಶಿ ಮುಗಿದ ಮೇಲೆ ಹಾಸುಗಲ್ಲು ಎಬ್ಬಿಸಿದರು. ಎರಡು ದಿನ ಬಾಯಿ ತೆರೆದು ಬಿಟ್ಟರೂ ಇಳಿಬಿಟ್ಟ ಕಂದೀಲು ನಡುವಿಗೇ ಆರಿತು. ಕೆಟ್ಟ ಗಾಳಿ ಭಾರವಾದದ್ದು, ತಳದಲ್ಲಿ ಕೂತಿರುತ್ತದೆ, ತಾನಾಗಿ ಏಳುವುದಿಲ್ಲ. ಆಗ ರಾಶಿ ತೂರುವ ಫ್ಯಾನು ತಂದು, ಅದರ ಮುಂದೆ ತಾಡಪತ್ರಿಯನ್ನು ಕೊಳವೆಯಂತೆ ಹೊಲಿದು, ತುದಿಯನ್ನು ತಳದವರೆಗೆ ಇಳಿಬಿಟ್ಟು ಅರ್ಧ ದಿನ ಗಾಳಿ ಹೊಡೆಸಿದರು. ದೀಪ ಉರಿಯಿತು. ಆದರೂ ಒಬ್ಬರು ಒಳಗೆ, ಇಬ್ಬರು ಮೇಲೆ ಎಂಬ ನಿಯಮವನ್ನು ಒಂದು ದಿನವೂ ಮುರಿಯಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹಗೇವು, ಬಾವಿಗಳಲ್ಲಿ ಮೊದಲು ಬಿದ್ದವನ ಹಿಂದೆ ಅವನನ್ನು ಎತ್ತಲು ಧುಮುಕಿದವನೂ ಸಾಯುತ್ತಾನೆ. ದೀಪ ಉರಿಯಿತೆಂದರೂ ಎಲ್ಲ ವಿಷದ ಗಾಳಿಯೂ ಹೋಗಿದೆ ಎಂದು ಅರ್ಥವಲ್ಲ. ಹಗ್ಗ ಸೊಂಟಕ್ಕೇ ಇರಬೇಕು.

ಮೊದಲ ವರ್ಷ ತಪ್ಪಾಯಿತು. ಪೇಟೆಯ ಗೌಂಡಿಯೊಬ್ಬರ ಮಾತು ಕೇಳಿ ಒಳಗೆಲ್ಲ ಸಿಮೆಂಟು ಗಿಲಾವು ಬಡಿದರು. ನೋಡಲು ನುಣ್ಣಗಿತ್ತು. ಶ್ರಾವಣ ಮುಗಿಯುವುದರೊಳಗೆ ಗೋಡೆಯ ಮೇಲೆ ಬಿಳಿ ಉಪ್ಪು ಒಡೆಯಿತು. ದಸರೆಯ ಹೊತ್ತಿಗೆ ಗಿಲಾವು ಚಕ್ಕೆ ಚಕ್ಕೆಯಾಗಿ ಉದುರಿ ತಳದಲ್ಲಿ ಬಿದ್ದಿತ್ತು. ಮಣ್ಣಿನ ತೇವ ಹೊರಬರಲು ದಾರಿ ಹುಡುಕುತ್ತದೆ. ಸಿಮೆಂಟು ಆ ದಾರಿ ಕಟ್ಟುತ್ತದೆ. ಎರಿ ಮಣ್ಣಿನ ನೆಲವಾದರೆ ಇನ್ನೂ ಕಷ್ಟ: ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜಾತಿ, ಬಿರುಸಾದ ಗಿಲಾವು ಆ ಎಳೆದಾಟ ತಾಳುವುದಿಲ್ಲ.

ಎರಡನೇ ವರ್ಷ ಮಾಮಾ ಹಗೇವಿಗೆ ಇಳಿಯುವ ಮೊದಲು ಮನೆಯ ಸುತ್ತ ಮೂರು ಸಲ ತಿರುಗಿದರು. ನೀರು ಎಲ್ಲಿಂದ ಬರುತ್ತದೆ? ಮ್ಯಾಳಗಿಯ ದೋಣಿ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಬಚ್ಚಲ ನೀರು ಅದೇ ಗೋಡೆಗುಂಟ ಹರಿದು ಇಂಗುತ್ತಿತ್ತು. ದೋಣಿಗೆ ಪೈಪು ಜೋಡಿಸಿ ನೀರನ್ನು ಬೀದಿಯ ಗಟಾರಕ್ಕೆ ಬಿಟ್ಟರು, ಬಚ್ಚಲ ನೀರನ್ನು ಹಿತ್ತಲ ಬಾಳೆಗೆ ತಿರುಗಿಸಿದರು, ಗೋಡೆಯ ಬುಡಕ್ಕೆ ಗರಸು ಹಾಕಿ ಹೊರಗಡೆ ಇಳಿಜಾರು ಮಾಡಿ ದಮ್ಮಸು ಬಡಿದರು. ನನ್ನ ಲೆಕ್ಕದಲ್ಲಿ ಹಗೇವಿನ ರಿಪೇರಿಯ ಅರ್ಧ ಪಾಲು ಅಲ್ಲಿಯೇ, ಅಂಗಳದಲ್ಲಿ ಮುಗಿದಿತ್ತು.

ಆಮೇಲೆ ಸುಣ್ಣ. ಸುಟ್ಟ ಸುಣ್ಣವನ್ನು ಹದಿನೈದು ದಿನ ನೀರಲ್ಲಿ ಕೊಳೆಹಾಕಿ, ಒಂದು ಪಾಲು ಸುಣ್ಣಕ್ಕೆ ಒಂದು ಪಾಲು ಇಟ್ಟಂಗಿ ಪುಡಿ, ಎರಡು ಪಾಲು ಮರಳು ಕಲಸಿದರು. ಇಟ್ಟಂಗಿ ಪುಡಿಗೆ ಖರ್ಚಿಲ್ಲ, ಬಿದ್ದ ಗೋಡೆಯ ಇಟ್ಟಂಗಿಯನ್ನು ಮಕ್ಕಳೇ ಒರಳಲ್ಲಿ ಕುಟ್ಟಿ ಜಾಳಿಗೆಯಲ್ಲಿ ಸೋಸಿದರು. ತೆಳ್ಳಗೆ ಎರಡು ಪದರು. ಹತ್ತು ದಿನ ನೀರು ಚಿಮುಕಿಸುತ್ತ ನಿಧಾನ ಒಣಗಿಸಿದರು. ಅವಸರ ಮಾಡಿದ್ದರೆ ಬಿರಿಯುತ್ತಿತ್ತು.

ಕೊನೆಗೆ ನಾಲ್ಕು ಇಂಚಿನ ಎರಡು ಪೈಪು ಕೂಡಿಸಿದ್ದಾರೆ. ಒಂದು ತಳದಿಂದ ಗೇಣು ಮೇಲೆ ಬಾಯಿ ತೆರೆದಿದೆ, ಇನ್ನೊಂದು ನೆತ್ತಿಯ ಹತ್ತಿರ. ಎರಡನೆಯದು ಗೋಡೆಗುಂಟ ಏರಿ ಮ್ಯಾಳಗಿಯ ಮೇಲೆ ನಿಂತಿದೆ. ಗಾಳಿ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಈಗ ಒಳಗೆ ಬಿಗಿ ಮುಚ್ಚಳದ ಡಬ್ಬಗಳಲ್ಲಿ ಬಿಳಿಜೋಳ, ಬೀಜದ ಕಡಲೆ, ಅತ್ತಿಯ ಉಪ್ಪಿನಕಾಯಿ ಭರಣಿಗಳಿವೆ. ಉಳ್ಳಾಗಡ್ಡಿ ಇಡಬಾರದು, ಅದು ತೇವ ಬಿಡುತ್ತದೆ, ಒಳಗಿನ ಗಾಳಿಯನ್ನೂ ಕೆಡಿಸುತ್ತದೆ. ಹಳೆಯ ಹಾಸುಗಲ್ಲು ಹಿತ್ತಲಲ್ಲಿ ಅರಿಬಿ ಒಗೆಯುವ ಕಲ್ಲಾಗಿದೆ.

ಮರುದಿನ ಕಿತ್ತೂರಿಗೆ ಹೋದೆ. 1824ರ ಡಿಸೆಂಬರಿನಲ್ಲಿ ಬ್ರಿಟಿಷರ ಕೈಗೆ ಬಿದ್ದ ಚೆನ್ನಮ್ಮನ ಕೋಟೆಯೊಳಗೆ ಅರಮನೆಯ ಗೋಡೆಗಳು ಮೊಂಡಾಗಿ ನಿಂತಿವೆ. ಸೂರು ಹೋಗಿ ಎಷ್ಟೋ ಮಳೆಗಾಲ ಕಳೆದಿದೆ. ನೀರಿನ ತೊಟ್ಟಿ, ಬಚ್ಚಲ ಮನೆಗಳ ಜಾಗ ಇಂದಿಗೂ ಗುರುತು ಹತ್ತುತ್ತವೆ. ಮಳೆ ಹೆಚ್ಚಿನ ಈ ಸೀಮೆಯಲ್ಲಿ ನೀರಿಗೆ ದಾರಿ ಬಿಟ್ಟು ಕಟ್ಟಬೇಕೆಂಬ ಮಾತು ಅಲ್ಲಿ ನಿಂತಾಗ ಇನ್ನಷ್ಟು ಗಟ್ಟಿಯಾಯಿತು.

ರಾಮದುರ್ಗದ ಕಥೆ ಬೇರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಸವದತ್ತಿ ತಾಲ್ಲೂಕಿನ ಮುನವಳ್ಳಿಗೆ, ರಾಮದುರ್ಗ ಪಟ್ಟಣಕ್ಕೆ, ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಮಣ್ಣಿನ ಮನೆಗಳು ಕರಗಿ ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ನೀರು ಕುಡಿದ ಹಗೇವು ಕುಸಿದರೆ ಮೇಲಿನ ಪಡಸಾಲಿಯನ್ನೂ ಎಳೆದುಕೊಳ್ಳುತ್ತದೆ. ಹೊಳೆದಂಡೆಯ ಮನೆಯಲ್ಲಿ, ಕಾಲುವೆಯ ತೇವ ಏರಿದ ಹೊಲದ ಮಗ್ಗುಲಲ್ಲಿ, ಭಾರ ಹೊತ್ತ ಗೋಡೆಯ ಕೆಳಗೇ ಚಾಚಿಕೊಂಡ ಹಗೇವಿನಲ್ಲಿ ಮಾಮಾ ಮಾಡಿದ್ದನ್ನು ಮಾಡಬಾರದು. ಅಲ್ಲಿ ಮುಚ್ಚುವುದೇ ಸರಿ. ಮುಚ್ಚುವಾಗಲೂ ಹಾಳು ಮಣ್ಣು ತಳ್ಳಬೇಡಿ. ಗರಸನ್ನು ಗೇಣು ಗೇಣಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಬಡಿಯುತ್ತ ತುಂಬಿ.

ಎತ್ತರದ ಗರಸು ನೆಲದಲ್ಲಿ ಹಳೆ ಮನೆ ಇದ್ದವರಿಗೆ ನನ್ನ ಬೇಡಿಕೆ ಇಷ್ಟೇ: ಮನೆ ಕೆಡವುವ ಮೊದಲು ಮನೆಯ ಹಿರಿಯರನ್ನು ಕೇಳಿ ಹಗೇವಿನ ಬಾಯಿ ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ತೆರೆಯಿರಿ, ಒಳಗಿನ ಗಾಳಿ ಹೊರಹಾಕಿ, ದೀಪ ಇಳಿಸಿ ನೋಡಿ. ಮೇಲೆ ಇಬ್ಬರಿಲ್ಲದೆ ಮಾತ್ರ ಇಳಿಯಬೇಡಿ.