ಬೀದರ ಭಾಗದ ಮನೆಗಳಲ್ಲಿ ಒಳ್ಳೆಯ ಕಾಫಿ: ನೀರು, ಫಿಲ್ಟರ್ ಮತ್ತು ಹದ

ಬೀದರ ನಗರವಿರಲಿ, ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಿರಲಿ, ಬೆಳಗಿನ ಪೇಯವೆಂದರೆ ಚಹಾ. ಕಾಫಿ ಅಪರೂಪ, ಮಾಡಿದರೂ ಚಹಾದ ಕ್ರಮದಲ್ಲಿಯೇ ಮಾಡುವುದುಂಟು. ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸುತ್ತಾರೆ. ಕಹಿಯಾದರೆ ಪುಡಿಯನ್ನು ದೂರಿ ಮತ್ತಷ್ಟು ಸಕ್ಕರೆ ಸುರಿಯುತ್ತಾರೆ. ಕಾಫಿಪುಡಿಯ ಬೆಲೆ ಬಹಳ ಏರಿರುವ ಈ ಕಾಲದಲ್ಲಿ ಹೀಗೆ ಕುದಿದು ಹಾಳಾಗುವುದು ಮನೆಯ ದುಡ್ಡು.

ಕಾಫಿಪುಡಿಗೆ ಬಿಸಿನೀರು ತಾಗಿದೊಡನೆ ಮೊದಲು ಪರಿಮಳ ಮತ್ತು ಹುಳಿಯ ಅಂಶಗಳು, ಬಳಿಕ ಸಿಹಿ, ಕೊನೆಗೆ ಕಹಿ ಮತ್ತು ಒಗರಿನ ಅಂಶಗಳು ಕರಗಿ ಬರುತ್ತವೆ. ಕುದಿಸುತ್ತ ಹೋದಂತೆ ಕಹಿ ಹೆಚ್ಚುತ್ತದೆ, ಪರಿಮಳ ಆವಿಯೊಡನೆ ಹೊರಟುಹೋಗುತ್ತದೆ. ಮನೆಯೆಲ್ಲ ಘಮಘಮಿಸಿತೆಂದು ಹಿಗ್ಗಬೇಕಾಗಿಲ್ಲ. ಆ ಘಮ ಲೋಟದಲ್ಲಿ ಉಳಿದಿರುವುದಿಲ್ಲ. ಪುಡಿಗೆ ತಾಗುವ ನೀರು 90ರಿಂದ 96 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಸಾಕು. ಬೀದರ ನಗರ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು ಹಾಕುವುದು ಸೂಕ್ತ.

ನೀರಿನ ಗುಣ

ಒಂದು ಲೋಟ ಕಾಫಿಯಲ್ಲಿ ಬಹುಪಾಲು ನೀರೇ ಇರುವುದರಿಂದ ಇದಕ್ಕೆ ಹೆಚ್ಚು ಗಮನ ಕೊಡಬೇಕು. ಬೀದರ ನಗರ ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲಿದೆ. ಜಂಬಿಟ್ಟಿಗೆಯಲ್ಲಿ ಇಳಿದು ಬರುವ ನೀರು ಸಾಮಾನ್ಯವಾಗಿ ಮೆದು. ಭಾಲ್ಕಿ, ಔರಾದ ಕಡೆಯ ಕಪ್ಪು ನೆಲದ ಕೆಳಗಿನ ಕರಿಕಲ್ಲಿನಿಂದ ಬರುವ ಕೊಳವೆ ಬಾವಿಯ ನೀರು ಅನೇಕ ಕಡೆ ಗಡಸು. ಪರೀಕ್ಷೆ ಸುಲಭ: ತೊಗರಿಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕೂರುತ್ತದೆ. ಇಂಥ ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ನಸುಹುಳಿಯನ್ನು ಅಡಗಿಸಿ ರುಚಿಯನ್ನು ಸಪ್ಪೆ ಮಾಡುತ್ತದೆ. ನೀರನ್ನು ಐದು ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಗಡಸುತನದ ಒಂದು ಭಾಗ ತಳದಲ್ಲಿ ಉಳಿಯುತ್ತದೆ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಆ ನೀರನ್ನೇ ಬಳಸಬಹುದು.

ಫಿಲ್ಟರ್ ಬಳಸುವ ಕ್ರಮ

ಒಂದರ ಮೇಲೊಂದು ಕೂರುವ ಎರಡು ಡಬ್ಬಿ, ಒಂದು ಒತ್ತುತಟ್ಟೆ, ಒಂದು ಮುಚ್ಚಳ. ಫಿಲ್ಟರೆಂದರೆ ಇಷ್ಟೇ. ಸ್ಟೀಲಿನದು ಸಾಕು, ದುಬಾರಿ ಯಂತ್ರಗಳ ಅಗತ್ಯ ಕಾಣುವುದಿಲ್ಲ. ಪುಡಿ ಜೋಳದ ಹಿಟ್ಟಿನಷ್ಟು ನುಣುಪಾಗಿರದೆ ಸಣ್ಣ ರವೆಯಂತೆ ಕೈಗೆ ತಾಗಬೇಕು. ಬಹಳ ನುಣುಪಾದರೆ ಇಳಿಯದು, ತರಿಯಾದರೆ ಸರ್ರನೆ ಇಳಿದು ತೆಳುವಾಗುವುದು.

ಒಣಗಿದ ಮೇಲಿನ ಡಬ್ಬಿಗೆ 25 ಗ್ರಾಂ ಪುಡಿ ಹಾಕಿ, ಸಮ ಮಾಡಿ, ತಟ್ಟೆಯಿಂದ ಹಗುರವಾಗಿ ಒತ್ತಬೇಕು. ಮೊದಲು ಎರಡು ಚಮಚ ಬಿಸಿನೀರು ಹಾಕಿ ಪುಡಿ ನೆನೆಯಲು ಅರ್ಧ ನಿಮಿಷ ಬಿಡಬೇಕು. ಬಳಿಕ ಒಟ್ಟು 150 ಮಿ.ಲೀ. ಆಗುವಷ್ಟು ನೀರನ್ನು ಸುತ್ತಲೂ ನಿಧಾನವಾಗಿ ಸುರಿದು ಮುಚ್ಚಬೇಕು. 15ರಿಂದ 20 ನಿಮಿಷದಲ್ಲಿ ಡಿಕಾಕ್ಷನ್ ಇಳಿಯುತ್ತದೆ. ನಡುವೆ ಡಬ್ಬಿಯನ್ನು ಕುಟ್ಟುವುದು, ಚಮಚ ಆಡಿಸುವುದು ಬೇಡ. ತಣ್ಣಗಾದ ಡಿಕಾಕ್ಷನ್ ಅನ್ನು ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಗಡಸು ನೀರಿನಿಂದ ರಂಧ್ರಗಳು ಕಟ್ಟಿಕೊಂಡರೆ ರಾತ್ರಿ ಹುಣಸೆ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಉಜ್ಜಿ ತೊಳೆಯಿರಿ.

ಫಿಲ್ಟರ್ ಇಲ್ಲದವರು ಪುಡಿಯ ಮೇಲೆ ಬಿಸಿನೀರು ಹಾಕಿ, ಐದು ನಿಮಿಷ ಮುಚ್ಚಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಬಹುದು. ಬಟ್ಟೆಗೆ ಸಾಬೂನು ಹಾಕಕೂಡದು.

ಒಂದು ಪಾಲು ಡಿಕಾಕ್ಷನ್‌ಗೆ ಎರಡು ಮೂರು ಪಾಲು ಹಾಲು ಸರಿ. ದೇವಣಿ ಆಕಳಿನ ಹಾಲಿಗಿಂತ ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು. ಅದು ಕಾಫಿಯ ರುಚಿಯನ್ನು ಮುಚ್ಚುವುದರಿಂದ ಎಮ್ಮೆ ಹಾಲಿದ್ದಾಗ ಎರಡೇ ಪಾಲು ಸಾಕು. ಹಾಲು ಒಂದು ಉಕ್ಕು ಬಂದರೆ ಇಳಿಸಿ. ಬೆಲ್ಲ ಹಾಕುವವರು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವವಿದೆ. ಲೋಟಕ್ಕೆ ಬಗ್ಗಿಸಿದ ಮೇಲೆ ಕಲಸುವುದು ಕ್ಷೇಮ.

ಪುಡಿ ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖನ್ನೂ ಚಿಕೋರಿಯ ಪ್ರಮಾಣವನ್ನೂ ಓದಬೇಕು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಅಂಶ ಶೇ. 51ಕ್ಕಿಂತ ಕಡಿಮೆ ಇರಕೂಡದೆಂದು ಆಹಾರ ಸುರಕ್ಷತಾ ನಿಯಮವಿದೆ. ಅಂದರೆ ಅಗ್ಗದ ಪೊಟ್ಟಣದಲ್ಲಿ ಅರ್ಧದಷ್ಟು ಚಿಕೋರಿಯೇ ಇರಬಹುದು. ಚಿಕೋರಿ ಬಣ್ಣ ಮತ್ತು ಮಂದತೆ ಕೊಡುತ್ತದೆ, ಕಾಫಿಯ ಪರಿಮಳವನ್ನಲ್ಲ. ನಮ್ಮ ಬೇಸಿಗೆಯ ಝಳಕ್ಕೆ ಪುಡಿ ಬೇಗ ಮುಗ್ಗುವುದರಿಂದ ಒಮ್ಮೆಗೆ 100 ಗ್ರಾಂ ತಂದು, ಮಸಾಲೆ ಡಬ್ಬಿಯಿಂದ ದೂರ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ಉಳಿದ ಚರಟವನ್ನು ಮೋರಿಗೆ ಚೆಲ್ಲಬೇಡಿ. ಅದರಲ್ಲಿ ಸುಮಾರು ಶೇ. 2ರಷ್ಟು ಸಾರಜನಕವಿದೆ. ಹಸಿಯಾಗಿ ಗಿಡದ ಬುಡಕ್ಕೆ ಹಾಕುವುದಕ್ಕಿಂತ ಸಗಣಿ, ಒಣಎಲೆಗಳೊಂದಿಗೆ ಕಾಂಪೋಸ್ಟ್ ಗುಂಡಿಗೆ ಸೇರಿಸಿ ಕೊಳೆಸುವುದು ಉತ್ತಮ.