ಗಾಳಿ ಸುರಂಗದ ಪುಟ್ಟ ವಿಮಾನ

ಗಿರಗಿಟ್ಲೆ ಹಿಡಿದು ಓಡಿದ್ರೆ ಅದು ತಿರುಗುತ್ತೆ. ಓಡದೆ ಗಾಳಿಗೆ ಎದುರಾಗಿ ನಿಂತ್ರೂ ತಿರುಗುತ್ತೆ. ಅಂದರೆ ನಾವು ಗಾಳಿಯೊಳಗೆ ನುಗ್ಗಿದರೂ, ಗಾಳಿ ನಮ್ಮ ಮೇಲೆ ನುಗ್ಗಿದರೂ ಪರಿಣಾಮ ಒಂದೇ. ಗಾಳಿ ಸುರಂಗದ ತತ್ವ ಇದೇ. ವಿಮಾನದ ಚಿಕ್ಕ ಮಾದರಿಯನ್ನು ದೊಡ್ಡ ಕೊಳವೆಯೊಳಗೆ ಕಂಬಿಗೆ ಬಿಗಿದು, ಅದರ ಮೇಲೆ ಜೋರಾಗಿ ಗಾಳಿ ಹಾಯಿಸುತ್ತಾರೆ. ಗಾಳಿ ಅದನ್ನು ಎಷ್ಟು ಮೇಲಕ್ಕೆತ್ತುತ್ತೆ, ಎಷ್ಟು ಹಿಂದಕ್ಕೆ ತಳ್ಳುತ್ತೆ ಎಂಬುದನ್ನು ಸೂಕ್ಷ್ಮ ತಕ್ಕಡಿಯೊಂದು ಅಳೆಯುತ್ತದೆ.

ಇಷ್ಟು ಚಿಕ್ಕ ಮಾದರಿ ದೊಡ್ಡ ವಿಮಾನದ ಗುಣ ಹೇಳೋದು ಹೇಗೆ ಅಂತ ನನಗೂ ಅನುಮಾನ ಇತ್ತು. ಗುಟ್ಟು ಮ್ಯಾಕ್ ಸಂಖ್ಯೆಯಲ್ಲಿದೆ. ಶಬ್ದ ನಮ್ಮ ಸುತ್ತಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಶಬ್ದದ ವೇಗವೇ ಮ್ಯಾಕ್ 1, ಅದರ ಎರಡರಷ್ಟು ಮ್ಯಾಕ್ 2. ಶಬ್ದಕ್ಕಿಂತ ವೇಗವಾಗಿ ಬರುವ ವಿಮಾನಕ್ಕೆ ಗಾಳಿ ಮುಂಚೆಯೇ ದಾರಿ ಬಿಡಲಾರದು, ಒತ್ತೊತ್ತಾಗಿ ಗೋಡೆಯಂತೆ ನಿಲ್ಲುತ್ತದೆ. ಇದೇ ಆಘಾತ ಅಲೆ. ಆಕಾರವೂ ಮ್ಯಾಕ್ ಸಂಖ್ಯೆಯೂ ಒಂದೇ ಆದರೆ, ಚಿಕ್ಕ ಮಾದರಿಯ ಮೇಲೂ ಈ ಅಲೆಗಳು ಹೆಚ್ಚುಕಡಿಮೆ ಹಾಗೇ ಏಳುತ್ತವೆ.

ಮಾದರಿಯ ಮಾತು ಎಷ್ಟು ನಿಜ ಅನ್ನೋದಕ್ಕೆ ಒಂದು ಉದಾಹರಣೆ. ಅಮೆರಿಕದ ಕಾನ್ವೇರ್ ಕಂಪನಿ ಎಫ್-102 ಎಂಬ ಯುದ್ಧವಿಮಾನವನ್ನು ಶಬ್ದವನ್ನು ಮೀರಿಸಲೆಂದೇ ರೂಪಿಸಿತ್ತು. 1952ರಲ್ಲಿ ಲ್ಯಾಂಗ್ಲೆಯ ಗಾಳಿ ಸುರಂಗದಲ್ಲಿ ಅದರ ಮಾದರಿ, 'ನೇರ ಹಾರಾಟದಲ್ಲಿ ಮ್ಯಾಕ್ 1 ದಾಟಲಾರೆ' ಎಂದು ತೋರಿಸಿಕೊಟ್ಟಿತು. 1953ರಲ್ಲಿ ನಿಜವಾದ ವಿಮಾನ ಹಾರಿದಾಗ ಆದದ್ದೂ ಅದೇ!

ಪರಿಹಾರವೂ ಅದೇ ಸುರಂಗದಿಂದ ಬಂತು. ಅಲ್ಲಿನ ವಿಜ್ಞಾನಿ ರಿಚರ್ಡ್ ವಿಟ್ಕಂಬ್ ಮಾದರಿಗಳನ್ನು ಪರೀಕ್ಷಿಸಿ ಒಂದು ನಿಯಮ ಕಂಡುಕೊಂಡಿದ್ದರು. ಮೂತಿಯಿಂದ ಬಾಲದವರೆಗೆ ವಿಮಾನದ ಒಟ್ಟು ದಪ್ಪ ಎಲ್ಲೂ ಥಟ್ಟನೆ ಹೆಚ್ಚಬಾರದು. ರೆಕ್ಕೆ ಸೇರುವ ಕಡೆ ದಪ್ಪ ಹೆಚ್ಚುತ್ತದಲ್ಲ, ಅಲ್ಲಿ ಒಡಲನ್ನು ಡಮರುವಿನ ನಡುವಿನ ಹಾಗೆ ಸಣ್ಣ ಮಾಡಬೇಕು. ಹೀಗೆ ತಿದ್ದಿದ ವಿಮಾನ 1954ರ ಡಿಸೆಂಬರಿನಲ್ಲಿ ಶಬ್ದವನ್ನು ಸಲೀಸಾಗಿ ಮೀರಿಸಿತು.

ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲೂ 1967ರಿಂದ ಮ್ಯಾಕ್ 4ರವರೆಗೆ ಗಾಳಿ ಹಾಯಿಸುವ ಸುರಂಗವಿದೆ. ದೊಡ್ಡ ತೊಟ್ಟಿಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಒಮ್ಮೆಲೇ ಬಿಡುತ್ತಾರೆ. ಒಂದು ನಿಮಿಷವೂ ಆಗುವುದಿಲ್ಲ, ಅಷ್ಟರಲ್ಲೇ ಎಲ್ಲ ಅಳತೆ ಮುಗಿಯಬೇಕು! 2001ರಲ್ಲಿ ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಮಾದರಿಗಳೂ ಇಲ್ಲಿ ಪರೀಕ್ಷೆಗೆ ನಿಂತಿದ್ದವು. ಚಾಲಕ ಕೂರುವ ಮೊದಲೇ ತಪ್ಪು ಗೊತ್ತಾದರೆ ಒಂದು ಜೀವ ಉಳಿಯುತ್ತದಲ್ಲವೇ?

ಬೆಂಗಳೂರಿಗೆ ಹೋದಾಗ ಮುರುಗೇಶಪಾಳ್ಯದಲ್ಲಿ 'ವಿಂಡ್ ಟನಲ್ ರಸ್ತೆ' ಎಂಬ ಬೋರ್ಡ್ ಕಂಡರೆ, ಆ ಹೆಸರು ಯಾಕೆ ಬಂತು ಅಂತ ಜೊತೆಯಲ್ಲಿದ್ದವರಿಗೆ ನೀವೇ ಹೇಳಿ.