ಕಡಲೆಕಾಯಿಯ ಬೂಷ್ಟು ವಿಷ: ಕೆಂಪು ನೆಲದಲ್ಲೊಂದು ಬಗೆ, ಎರೆಯಲ್ಲೊಂದು ಬಗೆ

ಕಡಲೆಕಾಯಿ ಸುಲಿಯುವಾಗ ಬೀಜದ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿಯಂಥ ಬೂಷ್ಟನ್ನು ನೀವು ಕಂಡಿರಬಹುದು. ಅಂಥ ಬೀಜವನ್ನು ಆರಿಸಿ ಹಸುವಿನ ಬಾನಿಗೆ ಹಾಕುವ ವಾಡಿಕೆಯೂ ಉಂಟು. ಇದನ್ನು ಮೊದಲು ಬಿಡಬೇಕು. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಈ ಶಿಲೀಂಧ್ರವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಇದರ ಗುರುತು ಸಿಕ್ಕಿತು. 1974ರಲ್ಲಿ ರಾಜಸ್ಥಾನ, ಗುಜರಾತ್ ರಾಜ್ಯಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು.

ಈ ಶಿಲೀಂಧ್ರದ ಮನೆ ಮಣ್ಣೇ. ಉಗ್ರಾಣದಲ್ಲಿ ಮಾತ್ರ ಬೂಷ್ಟು ಬರುತ್ತದೆಂಬುದು ತಪ್ಪು ತಿಳಿವಳಿಕೆ. ಕಾಯಿ ನೆಲದೊಳಗಿರುವಾಗಲೇ ಸೋಂಕು ತಗಲುತ್ತದೆ. ಹನೂರು ಕಡೆಯ ಮಳೆಯಾಶ್ರಿತ ಕೆಂಪು ಮರಳುಮಿಶ್ರಿತ ಹೊಲಗಳನ್ನು ನೋಡಿ. ಹದಿನೈದು ದಿನ ಮಳೆ ತಪ್ಪಿದರೆ ತೇವ ಆರಿ ನೆಲ ಕಾಯುತ್ತದೆ. ಕೊಯ್ಲಿಗೆ ಮುಂಚಿನ 4ರಿಂದ 6 ವಾರಗಳಲ್ಲಿ ಬರ ಬಿದ್ದು, ಕಾಯಿಯ ಸುತ್ತಲಿನ ಮಣ್ಣಿನ ಉಷ್ಣತೆ 28ರಿಂದ 31 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಶಿಲೀಂಧ್ರಕ್ಕೆ ಹಬ್ಬ. ನೀರು ಕಳೆದುಕೊಂಡ ಬೀಜ ತನ್ನ ರೋಗನಿರೋಧಕ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ.

ಕೊಳ್ಳೇಗಾಲ, ಯಳಂದೂರು ಭಾಗದಲ್ಲಿ ಎರೆ ಭೂಮಿಯುಳ್ಳವರ ಪಾಡು ಸ್ವಲ್ಪ ಮೇಲು. ಎರೆ ತೇವವನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಎರಡೂ ಬಗೆಯ ಮಣ್ಣುಗಳನ್ನು ಹೋಲಿಸಿದಾಗ ಕಪ್ಪು ಮಣ್ಣಿನ ಕಡಲೆಕಾಯಿಯಲ್ಲಿ ಈ ವಿಷ ಕಡಿಮೆ ಕಂಡುಬಂತು. ಆದರೆ ಎರೆಯವರು ನಿಶ್ಚಿಂತರಾಗುವಂತಿಲ್ಲ. ಕಾಯಿಗೆ ಅಂಟಿದ ಜಿಗುಟು ಮಣ್ಣು ಒಣಗಲು ಬಿಡದು, ಹಿಂಗಾರು ಮಳೆಯೂ ಅದೇ ಹೊತ್ತಿಗೆ ಸುರಿಯುತ್ತದೆ.

ಮಣ್ಣಿಗೆ ಬಿದ್ದ ವಿಷದ ಗತಿ ಏನು? ಎರೆಯ ಜೇಡಿಯಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಅದನ್ನು ಪದರಗಳ ನಡುವೆ ಬಿಗಿಯಾಗಿ ಹಿಡಿಯುತ್ತದೆ. ಕೆಂಪು ಮಣ್ಣಿನ ಕೆಯೊಲಿನೈಟ್ ಜೇಡಿಯ ಹಿಡಿತ ಸಡಿಲ, ಮರಳಿನದು ಇನ್ನೂ ಸಡಿಲ. ಕ್ರಮೇಣ ಮಣ್ಣಿನ ಸೂಕ್ಷ್ಮಜೀವಿಗಳು ವಿಷವನ್ನು ಒಡೆಯುತ್ತವೆ. ಪಶು ಆಹಾರದಲ್ಲಿ ವಿಷ ಹೀರಲು ಬೆರೆಸುವ ಬೆಂಟೊನೈಟ್ ಕೂಡ ಇದೇ ಜಾತಿಯ ಜೇಡಿ. ಹಾಗೆಂದು ಯಾರೂ ಹಿಂಡಿಗೆ ಹೊಲದ ಎರೆ ಕಲಸಬೇಡಿ! ವಿಷ ಕರಗಿದರೂ ಶಿಲೀಂಧ್ರದ ಬೀಜಾಣುಗಳು ನೆಲದಲ್ಲಿ ಉಳಿದು ಮುಂದಿನ ಬೆಳೆಗೆ ಕಾಯುತ್ತವೆ.

ಆದುದರಿಂದ ಕೆಂಪು ನೆಲದವರು ಹೆಚ್ಚು ಕೊಟ್ಟಿಗೆ ಗೊಬ್ಬರದೊಡನೆ ಟ್ರೈಕೋಡರ್ಮಾ ಬೆರೆಸಿ ಹಾಕಿ, ಹೂ ಬಿಡುವಾಗ ಎಕರೆಗೆ 200 ಕಿಲೋ ಜಿಪ್ಸಂ ಕೊಡಿ. ಸುಣ್ಣದಂಶದಿಂದ ಸಿಪ್ಪೆ ಗಟ್ಟಿಯಾಗುತ್ತದೆ. ಕೃಷಿ ಹೊಂಡವಿದ್ದರೆ ಕಾಯಿ ಬಲಿಯುವಾಗ ಒಂದು ನೀರನ್ನು ಅದಕ್ಕೇ ಮೀಸಲಿಡಿ. ಗುದ್ದಲಿ ಏಟು ಬಿದ್ದ ಕಾಯಿ, ಗೆದ್ದಲು ಕೊರೆದ ಕಾಯಿ ಬೇರೆ ತೆಗೆಯಿರಿ. ಬೀಜದ ತೇವಾಂಶ ಶೇಕಡ 8ಕ್ಕಿಂತ ಕೆಳಗಿಳಿದು, ಕುಲುಕಿದರೆ ಕಾಯಿ ಗಲಗಲ ಎನ್ನುವವರೆಗೆ ಒಣಗಿಸಿ.

ಬೂಷ್ಟು ಬೀಜ ತಿಂದ ಹಸುವಿನ ಹಾಲಿನಲ್ಲಿ ಒಂದೇ ದಿನದೊಳಗೆ ವಿಷದ ಅಂಶ ಕಾಣಿಸುತ್ತದೆ. ಕಾಯಿಸಿದರೆ ಅದು ಹೋಗುವುದಿಲ್ಲ, ಆ ಹಾಲನ್ನು ಕುಡಿಯುವುದು ನಿಮ್ಮ ಮಕ್ಕಳೇ. ಅಂಥ ಬೀಜವನ್ನು ತಿಪ್ಪೆಗೂ ಹಾಕದೆ, ಹೊಲದಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು ಹೂತುಬಿಡಿ.